ಅಂಡಾಶಯದ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಅನ್ನ, ಹಾಲು ಬಿಡಬೇಕೆ? ಈ ಫಾರ್ವರ್ಡ್‌ನಲ್ಲಿ ನಿಜವೆಷ್ಟು?

"ಕ್ಯಾನ್ಸರ್‌ಗೆ ಸಕ್ಕರೆಯೇ ಆಹಾರ. ಅನ್ನ, ಹಾಲು ಬಿಟ್ಟು ಬರೀ ಹಸಿ ತರಕಾರಿ ಜ್ಯೂಸ್ ಕುಡಿದರೆ ಕಾಯಿಲೆ ಮರಳಿ ಬರುವುದಿಲ್ಲ." ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು.

ಹರಿಹರದಲ್ಲಿರುವ ನನ್ನ ದೊಡ್ಡಮ್ಮನಿಗೂ ಬಂತು. ಕಳಿಸಿದವರು ಪ್ರೀತಿಯಿಂದಲೇ ಕಳಿಸಿದ್ದರು. ಆಪರೇಷನ್, 6 ಕೀಮೋ ಮುಗಿದು ಎರಡು ತಿಂಗಳಾಗಿತ್ತಷ್ಟೆ. ದೊಡ್ಡಮ್ಮ ಅನ್ನ ಬಿಟ್ಟರು, ಹಾಲು ಬಿಟ್ಟರು, ಸುಸ್ತೆಂದು ಓಡಾಟವನ್ನೂ ಬಿಟ್ಟರು. ಒಂದೇ ತಿಂಗಳಲ್ಲಿ 4 ಕೆ.ಜಿ. ಇಳಿದು, ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುವಂತಾಯಿತು.

ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಸಾಯುತ್ತದೆಯೇ?

ಇಲ್ಲ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಹೆಚ್ಚು ಬಳಸುತ್ತವೆ ಎಂಬುದು ನಿಜ. ಜರ್ಮನಿಯ ವಿಜ್ಞಾನಿ ಆಟೋ ವಾರ್‌ಬರ್ಗ್ 1920ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಆದರೆ ಮಿದುಳು, ರಕ್ತಕಣಗಳಿಗೂ ಗ್ಲೂಕೋಸ್ ಬೇಕೇ ಬೇಕು. ನೀವು ತಿನ್ನದಿದ್ದರೆ ಯಕೃತ್ತು ಅದನ್ನು ಸ್ನಾಯುವಿನ ಪ್ರೋಟೀನ್ ಕರಗಿಸಿಯಾದರೂ ತಯಾರಿಸುತ್ತದೆ. ಸೊರಗುವುದು ಕ್ಯಾನ್ಸರ್ ಅಲ್ಲ, ನೀವು.

ಅಂಡಾಶಯದ ಕ್ಯಾನ್ಸರ್ ಮರಳದಂತೆ ತಡೆಯುತ್ತದೆ ಎಂದು ಸಾಬೀತಾದ ಯಾವುದೇ ಪಥ್ಯ ಇಲ್ಲ.

ಹಾಗಾದರೆ ಊಟ, ವ್ಯಾಯಾಮದಿಂದ ಏನು ಪ್ರಯೋಜನ?

ಬದುಕಿನ ಗುಣಮಟ್ಟ ಸುಧಾರಿಸುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಅಂಡಾಶಯದ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 144 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 6 ತಿಂಗಳ ಕಾಲ, ವಾರಕ್ಕೆ 150 ನಿಮಿಷದ ಗುರಿಯಿಟ್ಟು ವ್ಯಾಯಾಮ ಮಾಡಿಸಿದರು. ಹೆಚ್ಚಿನದು ಬಿರುಸಿನ ನಡಿಗೆ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನಡೆದವರಲ್ಲಿ ಸುಸ್ತು ಕಡಿಮೆಯಾಗಿ ದೈಹಿಕ ಆರೋಗ್ಯ ಸುಧಾರಿಸಿತ್ತು. ಕೀಮೋದಿಂದ ಬರುವ ಕೈಕಾಲು ಜೋಮು, ಉರಿಯೂ ವ್ಯಾಯಾಮದಿಂದ ತಗ್ಗಬಹುದೆಂದು 2023ರ ಇನ್ನೊಂದು ವರದಿ ಹೇಳಿತು.

150 ನಿಮಿಷ ಎಂದರೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ದಾವಣಗೆರೆಯವರಿಗೆ ಕುಂದುವಾಡ ಕೆರೆಯ ದಂಡೆ ಇದೆ. ಮೊದಲ ವಾರ 5 ನಿಮಿಷದಿಂದ ಶುರು ಮಾಡಿದರೂ ಸಾಕು. ಪಾದ ಜೋಮು ಹಿಡಿದಿದ್ದರೆ ಬರಿಗಾಲಲ್ಲಿ ನಡೆಯಬೇಡಿ, ಗಾಯವಾದರೂ ಗೊತ್ತಾಗುವುದಿಲ್ಲ.

ತಟ್ಟೆಯಲ್ಲಿ ಏನಿರಲಿ?

ಅನ್ನ, ಜೋಳದ ರೊಟ್ಟಿ ಬಿಡಬೇಕಿಲ್ಲ. ಜೊತೆಗೆ ಬೇಳೆ, ಕಾಳಿನ ಪಲ್ಯ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಇರಲಿ. ಕಳೆದುಹೋದ ಸ್ನಾಯು ಮರಳಲು ಪ್ರೋಟೀನ್ ಬೇಕು. ಎರಡೂ ಅಂಡಾಶಯ ತೆಗೆದಾಗ ಮುಟ್ಟು ಬೇಗ ನಿಂತು ಮೂಳೆ ಸವೆಯಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೆಣ್ಣೆ ದೋಸೆ? ಅಪರೂಪಕ್ಕೊಮ್ಮೆ ತಿಂದರೆ ಕಾಯಿಲೆ ಮರಳುವುದಿಲ್ಲ. ದಿನಾ ಬೇಡ, ಅಷ್ಟೆ.

ಎಚ್ಚರ: ಇದನ್ನು ಫಾರ್ವರ್ಡ್‌ಗಳು ಹೇಳುವುದಿಲ್ಲ

ಹೊಟ್ಟೆಯ ಆಪರೇಷನ್ ಆದವರಿಗೆ ಕರುಳು ಅಂಟಿಕೊಂಡು ದಾರಿ ಕಿರಿದಾಗಿರಬಹುದು. ಅಂಥವರು ಹಸಿ ತರಕಾರಿ, ನಾರು ಹೆಚ್ಚಾಗಿ ತಿಂದರೆ ಕರುಳು ಕಟ್ಟಿಕೊಳ್ಳುವ ಅಪಾಯವಿದೆ. ಹೊಟ್ಟೆ ಉಬ್ಬರ, ವಾಂತಿ, ಗಾಳಿಯೂ ಹೋಗದಂತೆ ಕಟ್ಟಿಕೊಂಡರೆ ಕಷಾಯ ಕುಡಿದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಪಥ್ಯ ಬದಲಿಸುವ ಮೊದಲು ನಿಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿ.

ದೊಡ್ಡಮ್ಮ ಈಗ ಎರಡು ಹೊತ್ತು ಅನ್ನ ಉಣ್ಣುತ್ತಾರೆ. ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹರಿಹರೇಶ್ವರ ಗುಡಿಯವರೆಗೆ ನಡೆದು ಬರುತ್ತಾರೆ. ಮೂರು ತಿಂಗಳಿಗೊಮ್ಮೆ ಸಿಎ-125 ರಕ್ತಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಆ ಭಯಕ್ಕೆ ಯಾವ ಜ್ಯೂಸೂ ಮದ್ದಲ್ಲ. ಆದರೆ ಗೋಡೆ ಹಿಡಿಯದೆ ನಡೆಯುತ್ತಿದ್ದಾರೆ.

ಮುಂದಿನ ಸಲ ಅಂಥ ಸಂದೇಶ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ. ಕಾಯಿಲೆಯಿಂದ ಎದ್ದವರಿಗೆ ಏನಾದರೂ ಕಳಿಸಲೇಬೇಕೆನಿಸಿದರೆ ಹೀಗೆ ಕಳಿಸಿ: "ನಾಳೆ ಬೆಳಿಗ್ಗೆ ಬರ್ತೀನಿ, ಇಬ್ಬರೂ ವಾಕಿಂಗ್ ಹೋಗೋಣ."