ಜರ್ಮನಿಯ ಒಕ್ಕಲು ಮನೆತನಗಳ ಹಣ್ಣಿನ ಭಟ್ಟಿಗಳು

ಹಣ್ಣಿನ ತೋಟವುಳ್ಳ ರೈತನಿಗೆ ಸುಗ್ಗಿಯ ಕಾಲವೇ ಸಂಕಟದ ಕಾಲವಾಗುವುದುಂಟು. ಫಲವೆಲ್ಲವೂ ಒಮ್ಮೆಗೇ ಪಕ್ವವಾಗಿ, ಪೇಟೆಯಲ್ಲಿ ಧಾರಣೆ ಕುಸಿದು, ಮಿಕ್ಕುದು ಮರದ ಬುಡದಲ್ಲಿಯೇ ಕೊಳೆತುಹೋಗುತ್ತದೆ. ಜರ್ಮನಿ ದೇಶದ ನೈಋತ್ಯ ಭಾಗದಲ್ಲಿ ‘ಕಪ್ಪು ಅರಣ್ಯ’ವೆಂದು ಹೆಸರಾದ ಗುಡ್ಡಗಾಡು ಸೀಮೆಯ ಒಕ್ಕಲು ಮನೆತನಗಳು ಇಂತಹ ಹಣ್ಣನ್ನು ಭಟ್ಟಿಯಿಳಿಸಿ, ಬೆಲೆಯುಳ್ಳ ಸರಕನ್ನಾಗಿ ಮಾಡುವ ಕಸುಬನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ಈ ಕಸುಬಿನ ಲಾಭಕ್ಕೂ ಕ್ಷೇಮಕ್ಕೂ ಹಣ್ಣಿನ ಗುಣವೇ ಮೂಲವೆಂಬುದು ತೋಟಗಾರರು ಗಮನಿಸತಕ್ಕ ಅಂಶವಾಗಿದೆ.

ತೆರಿಗೆಯ ಕ್ರಮ

ಅಲ್ಲಿಯ ಸಣ್ಣ ಭಟ್ಟಿಯವರು ವರ್ಷಕ್ಕೆ 300 ಲೀಟರು ಶುದ್ಧ ಮದ್ಯಸಾರವನ್ನು ಮಾತ್ರ ಇಳಿಸಬಹುದು. ನೂರಕ್ಕೆ 40 ಪಾಲು ಸಾರವುಳ್ಳ ಪಾನೀಯದ ಲೆಕ್ಕದಲ್ಲಿ ಇದು 750 ಲೀಟರಾಗುತ್ತದೆ. ಯಾವ ಹಣ್ಣನ್ನು, ಎಷ್ಟು ಪ್ರಮಾಣದಲ್ಲಿ, ಯಾವ ದಿನ ಇಳಿಸಲಾಗುವುದೆಂಬುದನ್ನು ಮುಂಚಿತವಾಗಿ ಸುಂಕದ ಕಚೇರಿಗೆ ತಿಳಿಸಿ ಅಪ್ಪಣೆ ಪಡೆಯತಕ್ಕದ್ದು. ಆದರೆ ತೆರಿಗೆಯನ್ನು ಇಳಿದ ಸಾರವನ್ನು ಅಳೆದು ವಿಧಿಸುವುದಿಲ್ಲ. ಹುಳಿಸಿದ ಹಣ್ಣಿನ ಇಷ್ಟು ಪ್ರಮಾಣಕ್ಕೆ ಇಷ್ಟು ಸಾರವೆಂದು ಸರ್ಕಾರವು ಗೊತ್ತುಪಡಿಸಿದ ದರದಂತೆಯೇ ತೆರಿಗೆಯನ್ನು ಕಟ್ಟಲಾಗುತ್ತದೆ. ನಮ್ಮ ಸೀಮೆಯಲ್ಲಿ ಗೊತ್ತಾದ ಕಂದಾಯವನ್ನು ಸಲ್ಲಿಸಿದ ಮೇಲೆ ಹೆಚ್ಚಿನ ಬೆಳೆಯು ರೈತನಿಗೇ ಉಳಿಯುವಂತೆ, ಸಿಹಿಯಾದ ಪಕ್ವ ಫಲದಿಂದ ಒದಗುವ ಹೆಚ್ಚಿನ ಸಾರವು ಭಟ್ಟಿಯವನ ಪಾಲಾಗುತ್ತದೆ. ಕಳಪೆ ಹಣ್ಣನ್ನು ಹಾಕಿದವನಿಗೆ ನಷ್ಟವೇ ಸರಿ.

ಹುಳಿಸುವಿಕೆ

ಚೆರ್ರಿ, ಪ್ಲಮ್, ಸೇಬು ಮತ್ತು ಪೇರು ಹಣ್ಣುಗಳು ಅಲ್ಲಿ ಮುಖ್ಯವಾದುವು. ಪೂರ್ಣ ಪಕ್ವವಾದ, ಕೊಳೆಯಿಲ್ಲದ ಹಣ್ಣುಗಳನ್ನೇ ಆರಿಸಿ, ತೊಳೆದು, ಜಜ್ಜಿ ಪೀಪಾಯಿಗಳಲ್ಲಿ ತುಂಬುತ್ತಾರೆ. ಚೆರ್ರಿ ಮೊದಲಾದ ಓಟೆಯುಳ್ಳ ಹಣ್ಣುಗಳನ್ನು ಜಜ್ಜುವಾಗ ಓಟೆಗಳು ಹೆಚ್ಚಾಗಿ ಒಡೆಯದಂತೆ ಎಚ್ಚರವಹಿಸುತ್ತಾರೆ. ಅವುಗಳ ಒಳತಿರುಳಿನಿಂದ ವಿಷಯುಕ್ತವಾದ ಸಯನೈಡ್ ಆಮ್ಲವು ಹುಟ್ಟುತ್ತದೆ. ಬಳಿಕ ಕಿಣ್ವವನ್ನು ಬೆರೆಸಿ, ಗಾಳಿಯು ಒಳಹೋಗದಂತೆಯೂ ಒಳಗಿನ ಅನಿಲವು ಹೊರಹೋಗುವಂತೆಯೂ ಮುಚ್ಚಿ, ತಂಪಾದ ಸ್ಥಳದಲ್ಲಿ ಕೆಲವು ವಾರಗಳ ಕಾಲ ಇಡುತ್ತಾರೆ. ಸಕ್ಕರೆಯನ್ನು ಸೇರಿಸುವಂತಿಲ್ಲ. ಹುಳಿಸಿದ ಚೆರ್ರಿ ಹಣ್ಣು 100 ಲೀಟರಿಗೆ ಸುಮಾರು 5 ಲೀಟರು ಶುದ್ಧ ಸಾರವು ದೊರೆಯುತ್ತದೆ.

ಭಟ್ಟಿಯಿಳಿಸುವಿಕೆ

ತಾಮ್ರದ ಹಂಡೆಯಲ್ಲಿ ಹದವಾದ ಉರಿಯಿಂದ ಎರಡು ಸಲ ಇಳಿಸುವುದು ಹಳೆಯ ಪದ್ಧತಿ. ಎರಡನೆಯ ಸಲ ಮೊದಲು ಬರುವ ಭಾಗಕ್ಕೆ ಸರೇಸಿನಂತಹ ಕಟುವಾಸನೆಯಿರುತ್ತದೆ; ಇದನ್ನು ‘ತಲೆ’ಯೆಂದು ಬೇರ್ಪಡಿಸುತ್ತಾರೆ. ನಡುವೆ ಬರುವ ‘ಹೃದಯ’ವೇ ಉಪಯುಕ್ತವಾದುದು. ಕೊನೆಯಲ್ಲಿ ಬರುವ, ಜಿಡ್ಡಿನ ವಾಸನೆಯುಳ್ಳ ‘ಬಾಲ’ವನ್ನೂ ಪ್ರತ್ಯೇಕಿಸುತ್ತಾರೆ. ಈ ಮೂರರ ಗಡಿಯನ್ನು ಮೂಗು ಮತ್ತು ನಾಲಗೆಗಳಿಂದ ಗುರುತಿಸುವುದರಲ್ಲಿಯೇ ಮನೆತನದ ನೈಪುಣ್ಯವಿದೆ. ತಲೆಯನ್ನು ತೆಗೆದುಬಿಟ್ಟರೆ ವಿಷವೆಲ್ಲವೂ ಹೋಯಿತೆಂಬ ನಂಬಿಕೆಯು ಸರಿಯಲ್ಲ. ಹಣ್ಣಿನ ಪೆಕ್ಟಿನ್ ಅಂಶದಿಂದ ಹುಟ್ಟುವ ಮೀಥೈಲ್ ಮದ್ಯಸಾರವು ನಡುವಣ ಭಾಗದಲ್ಲಿಯೂ ಬೆರೆತು ಬರುತ್ತದೆ. ಆದಕಾರಣ ಐರೋಪ್ಯ ಒಕ್ಕೂಟದ ಶಾಸನವು ಅದಕ್ಕೆ ಮಿತಿಯನ್ನು ಕಟ್ಟಿದೆ.

ಜಿನ್

ಹಿಂದೆ ಸೇಬು, ಪೇರು ಮೊದಲಾದವುಗಳಿಂದ ಇಳಿದ ಸಾರವನ್ನು ಜರ್ಮನ್ ಸರ್ಕಾರವೇ ಗೊತ್ತಾದ ಬೆಲೆಗೆ ಕೊಳ್ಳುತ್ತಿದ್ದಿತು. 2017ರ ಕೊನೆಗೆ ಈ ಏರ್ಪಾಡು ಮುಗಿದುದರಿಂದ ಗಿರಾಕಿಗಳನ್ನು ತಾವೇ ಹುಡುಕಿಕೊಳ್ಳುವ ಹೊರೆಯು ಮನೆತನಗಳ ಮೇಲೆ ಬಿದ್ದಿತು. ಭಟ್ಟಿಗೆ ಹೋಗದ ಹಣ್ಣಿಗೆ ಬೆಲೆಯಿಲ್ಲ. ಬೆಲೆಯಿಲ್ಲದ ಹಣ್ಣಿನ ಹಳೆಯ ಮರಗಳನ್ನು ಆರೈಕೆಮಾಡುವವರೂ ವಿರಳ. ಈ ಪರಿಸ್ಥಿತಿಯಲ್ಲಿ ಅನೇಕರಿಗೆ ಜಿನ್ ಆಸರೆಯಾಗಿದೆ. ನೂರಕ್ಕೆ 96 ಪಾಲಿನ ವಾಸನೆಯಿಲ್ಲದ ಸಾರವನ್ನು ಸಣ್ಣ ಹಂಡೆಯಲ್ಲಿ ಇಳಿಸಲಾಗದಾದ್ದರಿಂದ ಅದನ್ನು ಕ್ರಯಕ್ಕೆ ತಂದು, ನೀರು ಬೆರೆಸಿ, ಆಯುರ್ವೇದದಲ್ಲಿ ಹಪುಷಾ ಎನಿಸಿದ ಜೂನಿಪರ್ ಕಾಯಿ, ಕೊತ್ತಂಬರಿ ಬೀಜ, ನಿಂಬೆಯ ಸಿಪ್ಪೆ ಮುಂತಾದುವನ್ನು ನೆನೆಹಾಕಿ ಮತ್ತೆ ಇಳಿಸುತ್ತಾರೆ. ಇದಕ್ಕೆ ಹಣ್ಣಿನ ಸುಗ್ಗಿಯನ್ನು ಕಾಯಬೇಕಾಗಿಲ್ಲ.

ನಮ್ಮವರು ತಿಳಿಯತಕ್ಕುದು

ಇದನ್ನೋದಿ ನಮ್ಮ ಹಳ್ಳಿಗಳಲ್ಲಿ ಯಾರೂ ಭಟ್ಟಿಯನ್ನು ಹೂಡಲು ಯತ್ನಿಸಕೂಡದು. 1965ರ ಕರ್ನಾಟಕ ಅಬಕಾರಿ ಅಧಿನಿಯಮದಂತೆ ಪರವಾನಗಿಯಿಲ್ಲದೆ ಮದ್ಯವನ್ನು ಇಳಿಸುವುದು ಅಪರಾಧ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಮದ್ಯಸಾರ ಬೆರೆತ ಸಾರಾಯಿಯನ್ನು ಕುಡಿದು 300ಕ್ಕೂ ಹೆಚ್ಚು ಮಂದಿ ಮೃತರಾದುದನ್ನು ಗ್ರಾಮದ ಮುಖಂಡರು ಮರೆಯತಕ್ಕದ್ದಲ್ಲ. ಕಳ್ಳಭಟ್ಟಿಯ ಸುಳಿವು ಸಿಕ್ಕಿದೊಡನೆ ಅಧಿಕಾರಿಗಳಿಗೆ ತಿಳಿಸತಕ್ಕದ್ದು.

ಆದರೆ ಕಪ್ಪು ಅರಣ್ಯದ ತೋಟಗಾರರ ಶಿಸ್ತು ಭಟ್ಟಿಯಿಲ್ಲದ ಕಡೆಯೂ ಅನುಸರಣೀಯವಾದುದು. ಮಾವಿನ ಮಾಂಬಳಕ್ಕಾಗಲಿ, ಹಲಸಿನ ಹಪ್ಪಳಕ್ಕಾಗಲಿ, ಸೀಬೆಯ ಜೆಲ್ಲಿಗಾಗಲಿ ಹದವರಿತು ಕಿತ್ತ ಶುಚಿಯಾದ ಫಲವನ್ನೇ ಆರಿಸತಕ್ಕದ್ದು. ಉದುರಿ ಕೊಳೆತುದನ್ನು ಬೆರೆಸಿ ಒಂದೆರಡು ಬುಟ್ಟಿ ಹೆಚ್ಚಿಸಿಕೊಂಡವನು ಇಡೀ ಸರಕಿನ ಬೆಲೆಯನ್ನೇ ಕಳೆದುಕೊಳ್ಳುವನು.