ಲಾರಿಯ ಇಂಜನ್ನಿನ ಎಣ್ಣೆಯನ್ನು ಬದಲಾಯಿಸತಕ್ಕ ಕಾಲವನ್ನು ಅರಿಯುವ ಬಗೆ

ಎತ್ತಿನ ಗಾಡಿಯ ಕಾಲದಲ್ಲಿ ಅಚ್ಚಿನ ಕೀಲೆಣ್ಣೆ ಬತ್ತಿದರೆ ಗಾಲಿಯೇ ಕಿರುಗುಟ್ಟಿ ಯಜಮಾನನನ್ನು ಎಚ್ಚರಿಸುತ್ತಿದ್ದಿತು. ಹಾದಿಯಲ್ಲಿ ಗಾಡಿಯನ್ನು ನಿಲ್ಲಿಸಿ ಎಣ್ಣೆ ಸವರಿದರೆ ಸಾಕಾಗುತ್ತಿದ್ದಿತು. ಲಾರಿಯ ಇಂಜನ್ನು ಅಂತಹುದಲ್ಲ. ಅದು ಸದ್ದು ಮಾಡಿ ತನ್ನ ಕಷ್ಟವನ್ನು ತಿಳಿಸುವ ವೇಳೆಗೆ ಬೇರಿಂಗುಗಳು ಸವೆದು, ದೊಡ್ಡ ವೆಚ್ಚವೇ ಒದಗಿರುತ್ತದೆ.

ಇರ್ವಿನ್ ನಾಲೆಯೆಂದು ಮೊದಲು ಹೆಸರಾಗಿದ್ದ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾದ ಮೇಲೆ ಮಂಡ್ಯದ ಸೀಮೆಯಲ್ಲಿ ಕಬ್ಬೇ ಪ್ರಧಾನವಾದ ಬೆಳೆಗಳಲ್ಲೊಂದಾಯಿತು. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕಬ್ಬು ಇಂದು ಬಹುಪಾಲು ಲಾರಿ, ಟ್ರ್ಯಾಕ್ಟರುಗಳ ಮೇಲೆಯೇ ಕಾರ್ಖಾನೆಗಳಿಗೂ ಆಲೆಮನೆಗಳಿಗೂ ಸಾಗುತ್ತದೆ. ಕಡಿದ ಕಬ್ಬು ಕಾಯುವ ಪದಾರ್ಥವಲ್ಲ. ಬಿಸಿಲಿನಲ್ಲಿ ಬಿದ್ದಷ್ಟು ಹೊತ್ತೂ ಅದರ ತೂಕ ಇಳಿಯುತ್ತದೆ, ಸಕ್ಕರೆಯ ಅಂಶವೂ ಕೆಡುತ್ತದೆ. ಆದಕಾರಣ ಮಳವಳ್ಳಿಯಿಂದ ಮದ್ದೂರಿಗೆ ಬರುವ ರಸ್ತೆಯಲ್ಲಿ ಒಂದು ಲಾರಿಯ ಇಂಜನ್ನು ಕಚ್ಚಿಕೊಂಡು ನಿಂತರೆ, ನಷ್ಟವು ಲಾರಿಯ ಮಾಲೀಕನೊಬ್ಬನದೇ ಅಲ್ಲ. ಗದ್ದೆಯಲ್ಲಿ ಕಬ್ಬು ಕಡಿಸಿ ಕಾಯುತ್ತಿರುವ ರೈತನದೂ ಹೌದು.

ಇಂಜನ್ನಿನ ಎಣ್ಣೆಯು ಲೋಹಗಳು ಒಂದಕ್ಕೊಂದು ಉಜ್ಜದಂತೆ ನಡುವೆ ತೆಳುವಾದ ಪದರವಾಗಿ ನಿಲ್ಲುವುದಲ್ಲದೆ, ಶಾಖವನ್ನು ಹೊರಕ್ಕೆ ಒಯ್ಯುತ್ತದೆ, ಡೀಸೆಲ್ ಉರಿದು ಹುಟ್ಟುವ ಮಸಿಯನ್ನು ತನ್ನಲ್ಲಿ ತೇಲಿಸಿಕೊಂಡಿರುತ್ತದೆ, ಆಮ್ಲಗಳನ್ನು ಶಮನಮಾಡುತ್ತದೆ. ಈ ಗುಣಗಳನ್ನು ಕೊಡಲು ಬೆರೆಸಿರುವ ದ್ರವ್ಯಗಳು ದಿನಕ್ರಮೇಣ ತೀರಿಹೋಗುತ್ತವೆ. ಅವು ತೀರಿದ ಎಣ್ಣೆಯು ತೊಟ್ಟಿಯಲ್ಲಿ ತುಂಬಿದ್ದರೂ ಇಲ್ಲದಂತೆಯೇ ಸರಿ.

ಎಣ್ಣೆ ಕಪ್ಪಾಯಿತೆಂದೊಡನೆ ಕೆಟ್ಟಿತೆಂದು ಅನೇಕರು ಭಾವಿಸುತ್ತಾರೆ. ಇದು ಸರಿಯಲ್ಲ. ಡೀಸೆಲ್ ಇಂಜನ್ನಿನಲ್ಲಿ ಹೊಸ ಎಣ್ಣೆಯೂ ಸ್ವಲ್ಪ ಕಾಲದಲ್ಲಿಯೇ ಕಪ್ಪಾಗುತ್ತದೆ. ಅದು ಮಸಿಯನ್ನು ಹಿಡಿದಿಟ್ಟುಕೊಂಡಿರುವುದಕ್ಕೆ ಸಾಕ್ಷಿ. ಇದನ್ನರಿಯದೆ ಒಳ್ಳೆಯ ಎಣ್ಣೆಯನ್ನು ಚೆಲ್ಲುವವರೂ ಇದ್ದಾರೆ, ಹೇಗೂ ಕಪ್ಪಾಗುವುದೆಂದು ವರ್ಷಗಟ್ಟಲೆ ಬಿಡುವವರೂ ಇದ್ದಾರೆ. ಎರಡನೆಯವರೇ ಹೆಚ್ಚು ಕಷ್ಟಕ್ಕೆ ಒಳಗಾಗತಕ್ಕವರು.

ಪರೀಕ್ಷೆಯು ಸುಲಭವಾದುದು. ಲಾರಿಯನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಇಂಜನ್ನನ್ನು ಆರಿಸಿ, ಹತ್ತು ನಿಮಿಷ ಬಿಟ್ಟು ಅಳತೆಯ ಕಡ್ಡಿಯನ್ನು ಹೊರತೆಗೆದು ಒರಸಿ, ಮತ್ತೆ ಅದ್ದಿ ನೋಡಬೇಕು. ಎಣ್ಣೆಯು ಎರಡು ಗುರುತುಗಳ ನಡುವೆ ಇರತಕ್ಕದ್ದು. ಅದು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ರೇಡಿಯೇಟರಿನ ನೀರೇ ಸೋರುತ್ತಿರುವುದು ಹೆಚ್ಚು ಸಂಭವ. ಅಂತಹ ಲಾರಿಯನ್ನು ಒಂದು ಮೈಲಿಯೂ ನಡೆಸದೆ ಮೆಕ್ಯಾನಿಕ್ಕಿಗೆ ತೋರಿಸಬೇಕು. ಎಣ್ಣೆಯನ್ನು ಸುರಿಯದಿದ್ದರೂ ಮಟ್ಟ ಏರಿ, ಡೀಸೆಲಿನ ವಾಸನೆ ಬರುತ್ತಿದ್ದರೆ ಇಂಧನ ಬೆರೆತು ಎಣ್ಣೆ ತೆಳುವಾಗಿದೆ. ಮಟ್ಟ ಏರಿದುದನ್ನು ಕಂಡು ಸಂತೋಷಪಡುವ ಚಾಲಕರೂ ಉಂಟು! ಎರಡು ಬೆರಳುಗಳ ನಡುವೆ ಉಜ್ಜಿದಾಗ ಮರಳಿನಂತೆ ಒರಟಾಗಿ ತೋರಿದರೆ, ಗಾಳಿಯ ಫಿಲ್ಟರು ಸೀಳಿಯೋ ಸಡಿಲವಾಗಿಯೋ ಧೂಳು ಒಳಹೊಕ್ಕಿರಬಹುದು. ಬಿಸಿಲಿಗೆ ಹಿಡಿದಾಗ ಲೋಹದ ಪುಡಿ ಮಿನುಗಿದರೆ, ಎಣ್ಣೆಯನ್ನು ಬದಲಾಯಿಸಿದರಷ್ಟೇ ಸಾಲದು. ಸವೆಯುತ್ತಿರುವ ಭಾಗವನ್ನು ಹುಡುಕಿಸತಕ್ಕದ್ದು.

ಇನ್ನೊಂದು ಪರೀಕ್ಷೆಗೆ ಮಸಿ ಹೀರುವ ಬ್ಲಾಟಿಂಗ್ ಕಾಗದವೊಂದಿದ್ದರೆ ಸಾಕು. ಬಿಸಿಯಾದ ಎಣ್ಣೆಯ ಒಂದು ತೊಟ್ಟನ್ನು ಅದರ ಮೇಲೆ ಬಿಟ್ಟು, ಕೆಲವು ಗಂಟೆಗಳ ಕಾಲ ಅಲುಗಿಸದೆ ಮಟ್ಟವಾಗಿ ಇಡಬೇಕು. ಕಪ್ಪು ಬಣ್ಣವು ನಡುವಿನಿಂದ ಅಂಚಿನವರೆಗೆ ಸಮನಾಗಿ ಹರಡಿದ್ದರೆ ಎಣ್ಣೆಗೆ ಇನ್ನೂ ಕಸುವಿದೆ. ಮಸಿಯೆಲ್ಲವೂ ನಡುವೆ ಗಟ್ಟಿಯಾದ ಬೊಟ್ಟಿನಂತೆ ನಿಂತು, ಸುತ್ತಲೂ ತಿಳಿಯಾದ ಎಣ್ಣೆ ಮಾತ್ರ ಹರಡಿದ್ದರೆ, ಮಸಿಯನ್ನು ತೇಲಿಸುವ ಶಕ್ತಿ ಮುಗಿದಿದೆಯೆಂದೇ ತಿಳಿಯಬೇಕು.

ಲಕ್ಷಣಗಳಿಗಾಗಿಯೇ ಕಾಯುವುದೂ ಯೋಗ್ಯವಲ್ಲ. ತಯಾರಕರ ಕೈಪಿಡಿಯಲ್ಲಿ ನಮೂದಿಸಿರುವ ಗಡುವೇ ಮುಖ್ಯವಾದುದು. ಆದರೆ ಕಬ್ಬಿನ ಲಾರಿಯು ಗದ್ದೆಯ ಬಂಡಿದಾರಿಯಲ್ಲಿ ಧೂಳು ಕುಡಿಯುತ್ತ, ಕೆಳಗಿನ ಗೇರಿನಲ್ಲಿ ಭಾರ ಎಳೆದು, ಬಳಿಕ ಕಾರ್ಖಾನೆಯ ಬಾಗಿಲಲ್ಲಿ ಸಾಲಿನಲ್ಲಿ ನಿಂತು ಗಂಟೆಗಟ್ಟಲೆ ಹೊಗೆಯುಗುಳುತ್ತಿರುತ್ತದೆ. ಆ ಗಂಟೆಗಳಲ್ಲಿ ಕಿಲೋಮೀಟರಿನ ಮುಳ್ಳು ಅಲುಗುವುದಿಲ್ಲ. ಎಣ್ಣೆ ಮಾತ್ರ ಸವೆಯುತ್ತಲೇ ಇರುತ್ತದೆ. ಆದ್ದರಿಂದ ಇಂತಹ ಲಾರಿಗೆ ಗಡುವನ್ನು ಕಡಮೆಮಾಡಿಕೊಂಡು, ಇಂಜನ್ನು ನಡೆದ ಗಂಟೆಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ಉಚಿತ. ಟ್ರ್ಯಾಕ್ಟರುಗಳಲ್ಲಿ ಗಂಟೆಯ ಮಾಪಕವೇ ಇರುತ್ತದೆ; ಅನೇಕ ಟ್ರ್ಯಾಕ್ಟರುಗಳ ಕೈಪಿಡಿಗಳಲ್ಲಿ ೨೫೦ ಗಂಟೆಗಳ ಗಡುವನ್ನು ಕಾಣಬಹುದು. ಅರೆಯುವ ಕಾಲ ಮುಗಿದು ಲಾರಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸುವುದಾದರೆ ಹಳೆಯ ಎಣ್ಣೆಯನ್ನು ಬಿಟ್ಟಿಡಬಾರದು. ಅದರಲ್ಲಿನ ಆಮ್ಲವೂ ತೇವವೂ ನಿಂತಲ್ಲಿಯೇ ಲೋಹವನ್ನು ತಿನ್ನುತ್ತವೆ.

ನಡೆಯುತ್ತಿರುವಾಗ ಎಣ್ಣೆಯ ಒತ್ತಡದ ಕೆಂಪು ದೀಪ ಹತ್ತಿದರೆ, ಊರು ಎಷ್ಟೇ ಸಮೀಪವಿರಲಿ, ಲಾರಿಯನ್ನು ಬದಿಗೆ ತಂದು ಇಂಜನ್ನನ್ನು ಆರಿಸತಕ್ಕದ್ದು. ನೀಲಿಯ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆಯೆಂದು ಅರ್ಥ.

ಎಣ್ಣೆಯನ್ನು ಇಳಿಸುವಾಗ ಇಂಜನ್ನು ಬೆಚ್ಚಗಿರಬೇಕು. ತಣ್ಣಗಾದ ಎಣ್ಣೆಯೊಡನೆ ಕೊಳೆಯು ಪೂರ್ತಿಯಾಗಿ ಇಳಿಯುವುದಿಲ್ಲ. ಫಿಲ್ಟರನ್ನೂ ಜೊತೆಯಲ್ಲಿಯೇ ಬದಲಾಯಿಸತಕ್ಕದ್ದು. ಹಳೆಯ ಫಿಲ್ಟರಿಗೆ ಹೊಸ ಎಣ್ಣೆ ಸುರಿಯುವುದು ಕೊಳೆಯ ಕೊಡದಲ್ಲಿ ತಿಳಿನೀರು ತುಂಬಿದಂತೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಮೊಹರು ಒಡೆಯದ ಡಬ್ಬಿಯಲ್ಲಿ ಕೊಳ್ಳಬೇಕು.

ಇಳಿಸಿದ ಎಣ್ಣೆಯು ಮೈಗೆ ಹತ್ತಿದರೆ ಸಾಬೂನಿನಿಂದ ತೊಳೆಯತಕ್ಕದ್ದು. ಅದರಲ್ಲಿ ಚರ್ಮಕ್ಕೆ ಕೇಡುಮಾಡುವ ವಸ್ತುಗಳಿರುತ್ತವೆ. ನಾಲೆಯ ಏರಿಯ ಮೇಲೆ ಅದನ್ನು ಸುರಿಯುವುದು ಕೆಲವು ಕಡೆ ಕಾಣಬರುತ್ತದೆ. ಆ ನೀರೇ ಮುಂದಿನ ಊರಿನ ಗದ್ದೆಗೂ ದನಕರುಗಳ ಬಾಯಿಗೂ ಹೋಗುವುದು. ೨೦೧೬ರ ನಿಯಮಗಳಲ್ಲಿ ಬಳಸಿದ ಎಣ್ಣೆಯು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿತವಾಗಿದೆ. ಮುಚ್ಚಳವಿರುವ ಡಬ್ಬಿಯಲ್ಲಿ ಶೇಖರಿಸಿ, ಅನುಮತಿ ಪಡೆದು ಅದನ್ನು ಶುದ್ಧಿಮಾಡುವವರಿಗೆ ತಲಪುವಂತೆ ಗ್ಯಾರೇಜಿನವರ ಮೂಲಕ ಒಪ್ಪಿಸತಕ್ಕದ್ದು.