ಬರ್ಮಾದಿಂದ ಆರಂಭಿಸಿ ನೋಡಬೇಕಾದ ಯುದ್ಧಚಿತ್ರಗಳು

ಎರಡನೆಯ ಮಹಾಯುದ್ಧವನ್ನು ಕುರಿತ ಹೆಸರಾಂತ ಸಾಕ್ಷ್ಯಚಿತ್ರಗಳು, ಅಂದರೆ ಆ ಕಾಲದ ದೃಶ್ಯತುಣುಕುಗಳನ್ನೋ ಕಂಡವರ ಮಾತುಗಳನ್ನೋ ಆಧರಿಸಿದ ಚಿತ್ರಗಳು, ಹೆಚ್ಚಾಗಿ ಯುರೋಪಿನ ಸುತ್ತಲೇ ಸುತ್ತುವುದರಿಂದ, ಗುಂಡ್ಯ, ಕಡಬ, ಸುಳ್ಯದ ಕಡೆಯವರಿಗೆ ಆ ಯುದ್ಧ ತಮ್ಮದಲ್ಲವೆಂದು ತೋರುವುದು ಸಹಜ. ಆದರೆ ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿದರೆ ಸಿಗುವ ಮಡಿಕೇರಿಯಲ್ಲಿ, 2021ರಿಂದ ಸಂಗ್ರಹಾಲಯವಾಗಿರುವ 'ಸನ್ನಿಸೈಡ್' ಎಂಬ ಮನೆಯ ಜನರಲ್ ಕೆ. ಎಸ್. ತಿಮ್ಮಯ್ಯನವರು, 1945ರ ಆರಂಭದಲ್ಲಿ ಬರ್ಮಾದ ಅರಾಕಾನ್ ಕರಾವಳಿಯ ಕಾಂಗಾವ್‌ನಲ್ಲಿ ಜಪಾನೀಯರ ಹಿಮ್ಮೆಟ್ಟುವ ದಾರಿಯನ್ನು ತಡೆದ ಬ್ರಿಗೇಡಿನ ಒಂದು ಬೆಟಾಲಿಯನ್ನನ್ನು, ಎಂದರೆ ಹಲವು ನೂರು ಸೈನಿಕರ ದಳವನ್ನು, ಮುನ್ನಡೆಸಿದ್ದರು. ಅವರ ಅಣ್ಣನಾದರೋ ಎದುರು ಪಾಳಯದ ಆಜಾದ್ ಹಿಂದ್ ಫೌಜನ್ನು ಸೇರಿದ್ದರು.

ಆದ್ದರಿಂದ 'ದಿ ವರ್ಲ್ಡ್ ಅಟ್ ವಾರ್' ಸರಣಿಯನ್ನು ಬರ್ಮಾಕ್ಕೆ ಮೀಸಲಾದ 14ನೆಯ ಕಂತಿನಿಂದಲೇ ತೆರೆಯುವುದು ಉಚಿತ. ಜೆರೆಮಿ ಐಸಾಕ್ಸ್ ನಿರ್ಮಿಸಿ ಲಾರೆನ್ಸ್ ಒಲಿವಿಯರ್ ನಿರೂಪಿಸಿದ, 1973-74ರಲ್ಲಿ ಬ್ರಿಟನ್ನಿನ ಟಿ.ವಿ.ಯಲ್ಲಿ ಪ್ರಸಾರವಾದ ಈ ಸರಣಿಯ 26 ಕಂತುಗಳಲ್ಲಿ ಆ ರಣರಂಗಕ್ಕೆ ಒಂದೇ ಕಂತು ದಕ್ಕಿರುವುದು ಅದರ ದೊಡ್ಡ ಕೊರತೆ; ಆದರೂ ನಾಯಕರಿಗಿಂತ ಅವರ ಕಾರ್ಯದರ್ಶಿಗಳು, ಸಹಾಯಕರು, ಸಾಮಾನ್ಯ ಸೈನಿಕರು ಮತ್ತು ನಾಗರಿಕರನ್ನು ಹುಡುಕಿ ಮಾತನಾಡಿಸಿರುವ ಅದರ ಕ್ರಮ ಇಂದಿಗೂ ಹಳತಾಗಿಲ್ಲ. ಕಪ್ಪುಬಿಳುಪು ದೃಶ್ಯಗಳಿಗೆ ಬಣ್ಣ ತುಂಬಿದ ಇತ್ತೀಚಿನ ಸರಣಿಗಳು ಕಣ್ಣಿಗೆ ಹತ್ತಿರವಾಗುತ್ತವೆಯೇ ಹೊರತು, ಈ ಆಳ ಅವುಗಳಲ್ಲಿ ಅಪರೂಪ.

ಒಂದೇ ಮನೆಯವರು ಬೇರೆ ಬೇರೆ ಪಕ್ಷ ಹಿಡಿದದ್ದೇಕೆ ಎಂಬ ಪ್ರಶ್ನೆ ಕಾಡಿದವರು ಮಾರ್ಸೆಲ್ ಓಫುಲ್ಸ್ ಅವರ 'ದಿ ಸಾರೋ ಅಂಡ್ ದಿ ಪಿಟಿ'ಯನ್ನು (1969) ನೋಡಬೇಕು. ಜರ್ಮನ್ ಆಕ್ರಮಣಕ್ಕೆ ಒಳಗಾದ ಫ್ರಾನ್ಸಿನ ಕ್ಲೆರ್ಮೋಂ-ಫೆರಾಂ ಪಟ್ಟಣದಲ್ಲಿ ಪ್ರತಿರೋಧಿಸಿದವರನ್ನೂ ಸಹಕರಿಸಿದವರನ್ನೂ ಸುಮ್ಮನಿದ್ದವರನ್ನೂ ನಾಲ್ಕು ಗಂಟೆಗೂ ಮೀರಿ ಕೇಳಿಸುವ ಈ ಚಿತ್ರವನ್ನು ಫ್ರಾನ್ಸಿನ ಟಿ.ವಿ. 1981ರವರೆಗೂ ಪ್ರಸಾರ ಮಾಡಲಿಲ್ಲ, ಅದಕ್ಕಿಂತ ದೊಡ್ಡ ಪ್ರಶಸ್ತಿ ಅದಕ್ಕೆ ಬೇಕಿರಲಿಲ್ಲ.

ಕ್ಲಾಡ್ ಲಾಂಜ್‌ಮನ್ ಅವರ 'ಶೋಆ' (1985) ಕೊನೆಗಿರಲಿ. ಯಹೂದಿಗಳ ಸಾಮೂಹಿಕ ಹತ್ಯೆಯನ್ನು ಕುರಿತ, ಒಂಬತ್ತು ಗಂಟೆಗೂ ದೀರ್ಘವಾದ ಈ ಚಿತ್ರದಲ್ಲಿ ಹಳೆಯ ದೃಶ್ಯತುಣುಕು ಒಂದೂ ಇಲ್ಲ. ಬದುಕುಳಿದವರು, ನೋಡಿದವರು, ಕೊಂದವರ ಪೈಕಿ ಕೆಲವರು ಮಾತನಾಡುತ್ತಾರೆ, ಆ ಮಾತುಗಳ ಹಿನ್ನೆಲೆಯನ್ನು ಚಿತ್ರ ವಿವರಿಸದಿರುವುದರಿಂದ ಯುದ್ಧದ ಗತಿಯನ್ನು ಮೊದಲೇ ತಿಳಿದವರಿಗಷ್ಟೇ ಅದು ದಕ್ಕುತ್ತದೆ.